ಹಿಮಾ: ಅರಬ್ ನಾಡಿನ ಕಾಯ್ದಿಟ್ಟ ನೆಲ

ಅರಬ್ ದೇಶಗಳ ವನ್ಯಧಾಮಗಳ ಬಗ್ಗೆ ಓದುವವರಿಗೆ ಎರಡು ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು ‘ಮಹ್ಮಿಯಾ’. ಸರ್ಕಾರ ಕಾನೂನಿನ ಮೂಲಕ ಘೋಷಿಸಿದ ರಕ್ಷಿತ ಪ್ರದೇಶಕ್ಕೆ ಇಂದಿನ ಅರಬ್ಬಿಯಲ್ಲಿ ಇರುವ ಹೆಸರು ಅದು. ಇನ್ನೊಂದು ‘ಹಿಮಾ’. ನಮ್ಮ ಹಿಮಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಯುವುದು, ತಡೆದು ರಕ್ಷಿಸುವುದು ಎಂಬ ಅರ್ಥದ ಒಂದೇ ಅರಬ್ಬಿ ಧಾತುವಿನಿಂದ ಎರಡೂ ಹುಟ್ಟಿವೆ. ಮಹ್ಮಿಯಾ ಈಚಿನದು; ಹಿಮಾ ಇಸ್ಲಾಮಿಗಿಂತಲೂ ಹಳೆಯದು. ಒಂದು ಊರಿನವರು ಅಥವಾ ಬುಡಕಟ್ಟಿನವರು ಹುಲ್ಲುಗಾವಲನ್ನೋ ಕಾಡನ್ನೋ ಗಡಿ ಗುರುತಿಸಿ, ಅಲ್ಲಿ ಯಾರು, ಯಾವಾಗ, ಎಷ್ಟು ದನ ಮೇಯಿಸಬಹುದು, ಎಷ್ಟು ಹುಲ್ಲು ಕೊಯ್ಯಬಹುದು ಎಂದು ಕಟ್ಟುಪಾಡು ಹಾಕಿಕೊಂಡರೆ ಆ ನೆಲ ಹಿಮಾ ಎನಿಸಿಕೊಳ್ಳುತ್ತದೆ.

ಅಂಥ ಕಟ್ಟುಪಾಡು ಏಕೆ ಬೇಕಾಯಿತು ಎಂಬುದಕ್ಕೆ ಮಳೆಯೇ ಉತ್ತರ. ಅರೇಬಿಯಾ ಪರ್ಯಾಯ ದ್ವೀಪದ ಬಹುಭಾಗದಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಬೀಳುವಷ್ಟೂ ಎಲ್ಲೆಡೆ ಒಂದೇ ಸಮ ಬೀಳುವುದಿಲ್ಲ. ಈ ಕಣಿವೆಯಲ್ಲಿ ಸುರಿದರೆ ಪಕ್ಕದ ಕಣಿವೆ ಒಣಗಿಯೇ ಇರುತ್ತದೆ. ಮಳೆ ಬಿದ್ದ ಕಡೆ ಹುಲ್ಲು ಚಿಗುರುತ್ತದೆ. ಆ ಹುಲ್ಲು ಬಲಿತು ಬೀಜ ಉದುರಿಸುವ ಮೊದಲೇ ಎಲ್ಲರ ಮಂದೆಗಳೂ ಬಂದು ಬಿದ್ದರೆ ಮುಂದಿನ ಮಳೆಗೆ ಚಿಗುರಲು ಅಲ್ಲಿ ಏನೂ ಉಳಿಯುವುದಿಲ್ಲ. ಮೇಯಿಸುವವರೇ ಕೈ ಹಿಡಿದುಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಆದರೆ ಹಿಮಾದ ಆರಂಭದ ಕಥೆ ಅಷ್ಟು ಸೌಮ್ಯವಾದುದಲ್ಲ. ಇಸ್ಲಾಂ ಪೂರ್ವ ಕಾಲದಲ್ಲಿ ಹಿಮಾ ಎಂದರೆ ಬಲಾಢ್ಯರ ಹಿಡಿತ. ಮುಖಂಡನಾದವನು ಒಳ್ಳೆಯ ಮೇವಿನ ನೆಲವನ್ನು ತನ್ನದೆಂದು ಸಾರಿ, ಉಳಿದವರ ಮಂದೆಗಳನ್ನು ಹೊರಗಿಡುತ್ತಿದ್ದ. ತಗ್ಲಿಬ್ ಬುಡಕಟ್ಟಿನ ಕುಲೈಬ್ ಇದಕ್ಕೆ ಕುಖ್ಯಾತ. ಅವನು ನಾಯಿಮರಿಯೊಂದನ್ನು ತನಗೆ ಮೆಚ್ಚಿಗೆಯಾದ ಕಣಿವೆಯಲ್ಲಿ ಬಿಡುತ್ತಿದ್ದನಂತೆ. ಅದರ ಕೂಗು ಕೇಳುವಷ್ಟು ದೂರದ ನೆಲವೆಲ್ಲ ಅವನ ಹಿಮಾ ಆಗುತ್ತಿತ್ತಂತೆ. ಬಸೂಸ್ ಎಂಬ ಹೆಂಗಸಿನ ಕಡೆಯ ಹೆಣ್ಣೊಂಟೆಯೊಂದು ಆ ಎಲ್ಲೆಯೊಳಗೆ ಕಾಲಿಟ್ಟಾಗ ಕುಲೈಬ್ ಅದಕ್ಕೆ ಬಾಣ ಹೊಡೆದ. ಬಸೂಸಳ ಸಂಬಂಧಿ ಜಸ್ಸಾಸ್ ಕುಲೈಬನನ್ನೇ ಕೊಂದ. ಅಲ್ಲಿಂದ ಶುರುವಾದ ಕಾಳಗ 40 ವರ್ಷ ನಡೆಯಿತು ಎಂದು ಅರಬ್ಬರ ಕಥೆಗಳು ಹೇಳುತ್ತವೆ. ವರ್ಷಗಳ ಲೆಕ್ಕ ಕಥೆಯದೇ ಇರಬಹುದು. ಮೇವಿನ ನೆಲವನ್ನು ಒಬ್ಬನೇ ಬಾಚಿಕೊಂಡರೆ ರಕ್ತ ಹರಿಯುತ್ತದೆ ಎಂಬ ಅನುಭವ ಮಾತ್ರ ಆ ನಾಡಿನದೇ.

ಏಳನೆಯ ಶತಮಾನದಲ್ಲಿ ಪದದ ಅರ್ಥ ತಿರುಗಿತು. ದೇವರು ಮತ್ತು ಅವನ ದೂತನ ಹೊರತು ಬೇರೆ ಯಾರಿಗೂ ಹಿಮಾ ಇಲ್ಲ ಎಂದು ಪ್ರವಾದಿ ಮುಹಮ್ಮದರು ಸಾರಿದರೆಂದು ಹದೀಸ್ ದಾಖಲಿಸುತ್ತದೆ. ಖಾಸಗಿ ಹಿಡಿತಕ್ಕೆ ನೆಲವನ್ನು ಮೀಸಲಿಡುವ ಹಕ್ಕು ಅಲ್ಲಿಗೆ ರದ್ದಾಯಿತು. ಸಾರ್ವಜನಿಕ ಅಗತ್ಯಕ್ಕೆ ಮೀಸಲಿಡುವುದು ಉಳಿಯಿತು. ಮದೀನಾದ ದಕ್ಷಿಣಕ್ಕಿರುವ ಅಲ್ ನಕೀ ಕಣಿವೆಯನ್ನು ದಂಡಿನ ಕುದುರೆಗಳಿಗಾಗಿ ಕಾಯ್ದಿಟ್ಟರು. ದಂಡಿನ ಎತ್ತುಗಳ ಮೇವಿಗೆಂದು ಮೈಸೂರು ಸೀಮೆಯಲ್ಲಿ ಬಿಟ್ಟಿದ್ದ ಅಮೃತಮಹಲ್ ಕಾವಲುಗಳನ್ನು ಬಲ್ಲವರಿಗೆ ಅಲ್ ನಕೀ ಏನೆಂದು ಹೆಚ್ಚು ವಿವರಿಸಬೇಕಿಲ್ಲ. ಮದೀನಾದ ಸುತ್ತಲ ನೆಲದಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಲಾಯಿತು. ಅದಕ್ಕೆ ‘ಹರಮ್’ ಎಂಬ ಬೇರೆಯೇ ಹೆಸರು. ಬಾವಿ, ತೊರೆಗಳ ಸುತ್ತ ಯಾರೂ ಅತಿಕ್ರಮಿಸದಂತೆ ಬಿಡುವ ಪಟ್ಟಿಗೆ ‘ಹರೀಮ್’ ಎನ್ನುತ್ತಾರೆ. ಈ ಮೂರೂ ಅಕ್ಕಪಕ್ಕದ ಪದಗಳು. ಮೇಯಿಸುವವರ ದಿನನಿತ್ಯದ ಬದುಕಿಗೆ ಹತ್ತಿರವಾದುದು ಹಿಮಾ.

ಈ ಪದದ ತಿರುಳು ಎರಡನೆಯ ಖಲೀಫ ಉಮರ್ ಅವರ ಒಂದು ಅಪ್ಪಣೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಉಮರ್ ಅವರು ಹುನೈ ಎಂಬವನನ್ನು ಹಿಮಾದ ಮೇಲ್ವಿಚಾರಣೆಗೆ ನೇಮಿಸಿ ಹೇಳಿದ ಮಾತಿನ ಸಾರ ಹೀಗಿದೆ: ಜನರ ಮೇಲೆ ದಬ್ಬಾಳಿಕೆ ಮಾಡಬೇಡ, ನೊಂದವರ ಶಾಪಕ್ಕೆ ಅಂಜು. ನಾಲ್ಕು ಒಂಟೆ, ನಾಲ್ಕು ಕುರಿ ಇರುವವನನ್ನು ಒಳಗೆ ಬಿಡು. ಅಬ್ದುರ್ ರಹಮಾನ್ ಇಬ್ನ್ ಔಫ್ ಮತ್ತು ಉಸ್ಮಾನ್ ಇಬ್ನ್ ಅಫ್ಫಾನ್ ಅವರ ಮಂದೆಗಳನ್ನು ಬಿಡಬೇಡ. ಅವರ ಜಾನುವಾರು ಸತ್ತರೆ ಅವರಿಗೆ ತೋಟವಿದೆ, ಹೊಲವಿದೆ. ಬಡವನ ಜಾನುವಾರು ಸತ್ತರೆ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬರುತ್ತಾನೆ. ಅವನನ್ನು ನಾನು ಕೈಬಿಡಲಾದೀತೇ? ಚಿನ್ನ ಬೆಳ್ಳಿ ಕೊಡುವುದಕ್ಕಿಂತ ನೀರು, ಹುಲ್ಲು ಕೊಡುವುದು ನನಗೆ ಸುಲಭ.

ಇಲ್ಲಿ ಹೆಸರು ಹಿಡಿದು ಹೊರಗಿಡಲಾದ ಇಬ್ಬರೂ ಪ್ರವಾದಿಯ ಆಪ್ತ ಸಂಗಾತಿಗಳು, ದೊಡ್ಡ ಶ್ರೀಮಂತರು. ಉಸ್ಮಾನ್ ಮುಂದೆ ತಾವೇ ಮೂರನೆಯ ಖಲೀಫರಾದರು. ಅಂಥವರ ಮಂದೆಗೂ ಪ್ರವೇಶವಿಲ್ಲ ಎಂದಾಗ ಹಿಮಾ ಎಂಬುದು ಹುಲ್ಲಿನ ರಕ್ಷಣೆಯಷ್ಟೇ ಆಗಿ ಉಳಿಯದೆ, ಬರಗಾಲದಲ್ಲಿ ಮೊದಲು ಕಂಗೆಡುವವನ ಪಾಲನ್ನು ಕಾಯುವ ವ್ಯವಸ್ಥೆಯೂ ಆಯಿತು. ಮುಂದಿನ ನ್ಯಾಯಪಂಡಿತರು ಇದನ್ನೇ ಷರತ್ತುಗಳಾಗಿ ಬರೆದರು: ಹಿಮಾವನ್ನು ಅಧಿಕಾರವುಳ್ಳವರೇ ಘೋಷಿಸಬೇಕು, ಅದು ಸಾರ್ವಜನಿಕ ಹಿತಕ್ಕೇ ಆಗಿರಬೇಕು, ಸುತ್ತಲ ಜನರಿಗೆ ಬದುಕಲಾರದಷ್ಟು ತೊಂದರೆ ಕೊಡಬಾರದು, ನಷ್ಟಕ್ಕಿಂತ ಲಾಭ ಹೆಚ್ಚಿರಬೇಕು. ಇಂದು ಜಗತ್ತಿನ ಯಾವುದೇ ಅಭಯಾರಣ್ಯದ ಕಡತದಲ್ಲಿ ಈ ನಾಲ್ಕು ಷರತ್ತುಗಳನ್ನು ಇಟ್ಟು ನೋಡಿದರೂ ತಪ್ಪಿಲ್ಲ.

ಊರುಗಳಲ್ಲಿ ಇದು ಹೇಗೆ ನಡೆಯುತ್ತಿತ್ತು? ಈಜಿಪ್ಟಿನ ಹುಲ್ಲುಗಾವಲು ತಜ್ಞ ಉಮರ್ ದರಾಜ್ 1960ರ ದಶಕದಲ್ಲಿ ಸೌದಿ ಅರೇಬಿಯಾದ ತಾಯಿಫ್ ಮತ್ತು ಬಲ್ಜುರಶಿ ಸುತ್ತಮುತ್ತ ಉಳಿದಿದ್ದ ಹಿಮಾಗಳನ್ನು ನೋಡಿ ಬರೆದಿಟ್ಟರು. ಕೆಲವು ಕಡೆ ಮೇಯಿಸುವುದೇ ನಿಷಿದ್ಧ. ಬರ ಬಂದಾಗ ಬುಡಕಟ್ಟಿನ ಮುಖ್ಯಸ್ಥ ಕಷ್ಟದಲ್ಲಿರುವ ಪ್ರತಿ ಮನೆಯಿಂದ ಇಂತಿಷ್ಟು ಜನ ಬಂದು ಹುಲ್ಲು ಕೊಯ್ದುಕೊಳ್ಳಲು ಅನುಮತಿ ಕೊಡುತ್ತಿದ್ದ. ಕೊಯ್ದ ಹುಲ್ಲನ್ನು ಒಣಗಿಸಿ ಕೂಡಿಡಬಹುದಿತ್ತು, ಸಂತೆಯಲ್ಲಿ ಮಾರಲೂಬಹುದಿತ್ತು. ಇನ್ನು ಕೆಲವು ಹಿಮಾಗಳು ಗೊತ್ತಾದ ಋತುವಿನಲ್ಲಿ ಮಾತ್ರ ತೆರೆಯುತ್ತಿದ್ದವು. ವರ್ಷವಿಡೀ ತೆರೆದಿದ್ದರೂ ಯಾವ ಪ್ರಾಣಿ, ಎಷ್ಟು ತಲೆ ಎಂದು ಮಿತಿ ಇದ್ದವೂ ಇದ್ದವು. ಜುನಿಪರ್, ಜಾಲಿ ಮರಗಳ ಕಾಡನ್ನು ಕಾಯುವ ಹಿಮಾಗಳಲ್ಲಿ ಕೊಡಲಿ ಎತ್ತಬೇಕಾದರೆ ಭಾರೀ ಕಾರಣ ಬೇಕಿತ್ತು: ಬೆಂಕಿಗೆ ಸುಟ್ಟ ಮನೆಯನ್ನು ಮತ್ತೆ ಕಟ್ಟುವುದು, ಮಸೀದಿಗೋ ಶಾಲೆಗೋ ತೊಲೆ ಬೇಕಾಗಿರುವುದು, ಹೀಗೆ. ನನಗೆ ಬಹಳ ಹಿಡಿಸಿದ್ದು ಜೇನು ಹಿಮಾ. ಹೂ ಬಿಡುವ ಕಾಲ ಸೇರಿ ಐದು ತಿಂಗಳು ಅಲ್ಲಿಗೆ ಕುರಿ ಮೇಕೆಗಳು ಬರುವಂತಿಲ್ಲ. ಹೂವು ಜೇನುನೊಣಕ್ಕೆ, ಆಮೇಲೆ ಉಳಿದ ಸೊಪ್ಪು ಮೇಕೆಗೆ. ಒಂದೇ ಗಿಡದಲ್ಲಿ ಇಬ್ಬರ ಪಾಲನ್ನು ಕಾಲದಿಂದ ಭಾಗ ಮಾಡಿದ ಜಾಣತನವಿದು.

ಸೌದಿ ಅರೇಬಿಯಾ ಒಂದರಲ್ಲೇ ಸುಮಾರು 3000 ಹಿಮಾಗಳಿದ್ದವು ಎಂಬುದು ಆ ಕಾಲದ ಅಂದಾಜು. 1980ರ ದಶಕದ ಹೊತ್ತಿಗೆ ಉಳಿದವು ಕೆಲವು ಹತ್ತುಗಳಷ್ಟೇ. 1953ರಲ್ಲಿ ಹೊರಟ ರಾಜಾಜ್ಞೆಯೊಂದು ಹಿಮಾಗಳನ್ನು ರದ್ದು ಮಾಡಿ ಮೇವಿನ ನೆಲವನ್ನು ಎಲ್ಲರಿಗೂ ತೆರೆದಿತ್ತು. ಬುಡಕಟ್ಟುಗಳ ಪ್ರತ್ಯೇಕ ಹಕ್ಕು ಹೋಗಿ ಸಮಾನತೆ ಬರಲಿ ಎಂಬ ಆಶಯ ಕೇಳಲು ಚೆನ್ನಾಗಿತ್ತು. ಅದೇ ಹೊತ್ತಿಗೆ ಲಾರಿ ಬಂತು, ನೀರಿನ ಟ್ಯಾಂಕರ್ ಬಂತು. ಮೊದಲು ಮಂದೆ ನಡೆದು ಹೋಗಬೇಕಿತ್ತು, ಬಾವಿಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮಿತಿ ಇತ್ತು. ಈಗ ಮಳೆ ಬಿದ್ದ ಸುದ್ದಿ ಕೇಳಿದ ಮರುದಿನವೇ ನೂರಾರು ಕುರಿಗಳನ್ನು ಲಾರಿಯಲ್ಲಿ ಹೇರಿಕೊಂಡು, ಹಿಂದೆ ಟ್ಯಾಂಕರಿನಲ್ಲಿ ನೀರು ತಂದು, ಚಿಗುರನ್ನು ಬುಡಸಮೇತ ಮೇಯಿಸಿ ಹೊರಡಬಹುದಾಯಿತು. ಹಾಗೆ ಬಂದವನಿಗೆ ಆ ನೆಲದ ಮುಂದಿನ ವರ್ಷದ ಚಿಂತೆ ಇಲ್ಲ. ಚಿಂತೆ ಇದ್ದವನಿಗೆ ತಡೆಯುವ ಅಧಿಕಾರವಿಲ್ಲ. ಸಿರಿಯಾದಲ್ಲಿಯೂ 1958ರಲ್ಲಿ ಬುಡಕಟ್ಟುಗಳ ಹಕ್ಕು ರದ್ದಾಯಿತು. ಅದೇ ವರ್ಷ ಆರಂಭವಾದ ಬರ ಮೂರು ವರ್ಷ ಕಾಡಿ ಅಪಾರ ಸಂಖ್ಯೆಯ ಕುರಿ, ಒಂಟೆಗಳನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಕುರಿಗಾರರ ಸಹಕಾರ ಸಂಘಗಳ ರೂಪದಲ್ಲಿ ಹಿಮಾವನ್ನು ಮತ್ತೆ ಕಟ್ಟಲು ಸಲಹೆ ಕೊಟ್ಟವರೂ ದರಾಜ್ ಅವರೇ.

ಹಿಮಾ ಕುಸಿದ ಜಾಗಕ್ಕೆ ಮಹ್ಮಿಯಾ ಬಂತು. ಜೋರ್ಡಾನಿನಲ್ಲಿ ನಿಸರ್ಗ ರಕ್ಷಣೆಗೆ 1966ರಲ್ಲೇ ಸಂಘ ಹುಟ್ಟಿ 1975ರಲ್ಲಿ ಶೌಮರಿ ಧಾಮವಾಯಿತು. ಈಜಿಪ್ಟ್ 1983ರಲ್ಲಿ ಕೆಂಪು ಸಮುದ್ರದ ರಾಸ್ ಮುಹಮ್ಮದ್ ಅನ್ನು ರಕ್ಷಿತವೆಂದು ಸಾರಿತು. ಸೌದಿ ಅರೇಬಿಯಾ 1986ರಲ್ಲಿ ವನ್ಯಜೀವಿ ಆಯೋಗ ರಚಿಸಿತು. ಇವುಗಳ ಸಾಧನೆ ಸಣ್ಣದಲ್ಲ, ಅದಕ್ಕೆ ಸಾಕ್ಷಿ ಅರೇಬಿಯನ್ ಓರಿಕ್ಸ್ ಎಂಬ ಬಿಳಿ ಹುಲ್ಲೆ. ಕಾಡಿನಲ್ಲಿದ್ದ ಕೊನೆಯ ಓರಿಕ್ಸ್‌ಗಳನ್ನು 1972ರಲ್ಲಿ ಒಮಾನಿನ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ ಬೇಟೆಗಾರರು ಮುಗಿಸಿದರು. ಅದೃಷ್ಟಕ್ಕೆ 1962ರಲ್ಲೇ ಕೆಲವನ್ನು ಹಿಡಿದು ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಸಂತತಿ ಬೆಳೆಸಲಾಗಿತ್ತು. ಆ ಸಂತತಿಯನ್ನು 1982ರಲ್ಲಿ ಅದೇ ಬಯಲಿಗೆ ಬಿಟ್ಟಾಗ ಕಾವಲಿಗೆ ನಿಂತವರು ಅಲ್ಲಿನ ಹರಾಸಿಸ್ ಬುಡಕಟ್ಟಿನವರು. 1994ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. 1996ರಲ್ಲಿ 450ರಷ್ಟಿದ್ದ ಓರಿಕ್ಸ್‌ಗಳು ಕಳ್ಳಬೇಟೆಯಿಂದ 65ಕ್ಕೆ ಇಳಿದವು. ಖಾಸಗಿ ಸಂಗ್ರಹಕಾರರಿಗೆ ಜೀವಂತ ಪ್ರಾಣಿ ಮಾರಿದರೆ ಕೈತುಂಬ ಹಣ ಬರುತ್ತಿತ್ತು. ಒಮಾನ್ ಸರ್ಕಾರವೂ ತೈಲ ಶೋಧಕ್ಕಾಗಿ ಧಾಮದ ಶೇಕಡ 90ರಷ್ಟು ಭಾಗವನ್ನು ಕೈಬಿಟ್ಟಿತು. 2007ರಲ್ಲಿ ಯುನೆಸ್ಕೋ ಆ ತಾಣವನ್ನು ಪಟ್ಟಿಯಿಂದ ತೆಗೆದುಹಾಕಿತು. ಹಾಗೆ ಹೊರಬಿದ್ದ ಮೊದಲ ತಾಣ ಜಗತ್ತಿನಲ್ಲಿ ಅದೇ.

ಸೌದಿಯ ಮಹಾಝತ್ ಅಸ್ಸೈದ್ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. ಸುಮಾರು 2,200 ಚದರ ಕಿಲೋಮೀಟರ್ ನೆಲಕ್ಕೆ ಸುತ್ತಲೂ ಬೇಲಿ ಹಾಕಿ, 1990ರಿಂದ ಓರಿಕ್ಸ್‌ಗಳನ್ನು ಬಿಟ್ಟರು. ಹುಲ್ಲು ಮರಳಿತು, ಹುಲ್ಲೆಗಳು ಹೆಚ್ಚಿದವು. ಆದರೆ ಬರ ಬಂದಾಗ, ಮಳೆ ಬಿದ್ದ ಕಡೆಗೆ ಹೋಗುವುದು ಯಾವ ಪ್ರಾಣಿಯ ಹುಟ್ಟುಗುಣವೋ ಅದು ಬೇಲಿಯ ಒಳಗೇ ನೂರಾರು ಸಂಖ್ಯೆಯಲ್ಲಿ ಸತ್ತಿತು. ಕಳ್ಳಬೇಟೆಗಾರನನ್ನು ತಡೆದ ತಂತಿಯೇ ಮಳೆಯನ್ನೂ ದೂರ ಮಾಡಿತ್ತು. ಇಷ್ಟಾದರೂ ಒಟ್ಟು ಲೆಕ್ಕ ಒಳ್ಳೆಯದೇ: 2011ರಲ್ಲಿ ಓರಿಕ್ಸ್ ‘ಅಳಿವಿನಂಚಿನ’ ವರ್ಗದಿಂದ ಕಡಿಮೆ ಅಪಾಯದ ವರ್ಗಕ್ಕೆ ಬಂತು. ಕಾಡಿನಿಂದ ಪೂರ್ತಿ ಅಳಿದಿದ್ದ ಪ್ರಾಣಿಯೊಂದು ಇಷ್ಟು ಚೇತರಿಸಿಕೊಂಡದ್ದು ಅದೇ ಮೊದಲು.

ಹಿಮಾ ಎಂಬ ಹೆಸರಿಲ್ಲದೆಯೂ ಅದೇ ಬುದ್ಧಿ ಬೇರೆ ಕಡೆ ಉಳಿದಿದೆ. ಮೊರಾಕೋದ ಅಟ್ಲಾಸ್ ಬೆಟ್ಟಗಳ ಅಮಾಝಿಗ್ ಜನರು ಅದನ್ನು ‘ಅಗ್ದಾಲ್’ ಎನ್ನುತ್ತಾರೆ. ಮರ್ರಾಕೇಶ್ ಬಳಿಯ ಊಕೈಮೆದನ್ ಬೆಟ್ಟದ ಹುಲ್ಲುಗಾವಲನ್ನು ಮಾರ್ಚ್ 15ರಿಂದ ಆಗಸ್ಟ್ 10ರವರೆಗೆ ಮುಚ್ಚುವುದು ಅಲ್ಲಿನ ಕಟ್ಟಳೆ. ಹುಲ್ಲು ಹೂವಾಗಿ ಬೀಜ ಉದುರಿದ ಮೇಲೆ ಎಲ್ಲ ಮಂದೆಗಳೂ ಒಂದೇ ದಿನ ಮೇಲೇರುತ್ತವೆ. ಮೊರಿಟಾನಿಯಾದ ಬಾಂಕ್ ದಾರ್ಗೆ ರಾಷ್ಟ್ರೀಯ ಉದ್ಯಾನ 1976ರಿಂದ ಇದೆ. ಲಕ್ಷಗಟ್ಟಲೆ ವಲಸೆ ಹಕ್ಕಿಗಳು ಚಳಿಗಾಲ ಕಳೆಯುವ ಆ ಕಡಲತೀರದಲ್ಲಿ ಮೀನು ಹಿಡಿಯುವ ಹಕ್ಕು ಅಲ್ಲಿನ ಇಮ್ರಾಗೆನ್ ಜನರಿಗೆ ಮಾತ್ರ, ಅದೂ ಹಾಯಿದೋಣಿಯಲ್ಲಿ. ಮೋಟಾರು ದೋಣಿ ನಿಷಿದ್ಧ. ಯಾರು ಎಂಬುದಕ್ಕೂ ಹೇಗೆ ಎಂಬುದಕ್ಕೂ ಒಟ್ಟಿಗೆ ಉತ್ತರ ಕೊಟ್ಟ ನಿಯಮ ಇದು.

ಹೆಸರನ್ನೂ ಸೇರಿಸಿ ಹಿಮಾವನ್ನು ಮರಳಿ ತಂದವರಲ್ಲಿ ಲೆಬನಾನ್ ಮುಂದಿದೆ. ಅಲ್ಲಿ ಮಹ್ಮಿಯಾ ಆಗಬೇಕಾದರೆ ಸಂಸತ್ತು ಕಾನೂನು ಮಾಡಬೇಕು. ಹಿಮಾಕ್ಕೆ ಊರಿನ ಪುರಸಭೆಯ ತೀರ್ಮಾನ ಸಾಕು. 2004ರಲ್ಲಿ ದಕ್ಷಿಣದ ಇಬ್ಲ್ ಅಸ್ಸಾಖಿ ಊರಿನಿಂದ ಆರಂಭಿಸಿ, ಲೆಬನಾನಿನ ನಿಸರ್ಗ ರಕ್ಷಣಾ ಸಂಘ ಪುರಸಭೆಗಳ ಜೊತೆಗೂಡಿ ಒಂದೊಂದೇ ಹಿಮಾ ಕಟ್ಟುತ್ತಾ ಬಂತು. ಬಿಕಾ ಕಣಿವೆಯ ಕಫರ್ ಝಬದ್ ಜೌಗು ಭೂಮಿ ಅವುಗಳಲ್ಲೊಂದು. ನೀರುನಾಯಿಗಳೂ ಸಿರಿಯನ್ ಸೆರಿನ್ ಎಂಬ ಪುಟ್ಟ ಹಳದಿ ಹಕ್ಕಿಯೂ ಇರುವ ಜಾಗ. ಯುರೋಪಿಗೂ ಆಫ್ರಿಕಕ್ಕೂ ನಡುವೆ ಹಾರುವ ಹಕ್ಕಿಗಳನ್ನು ಹಿಂಡುಹಿಂಡಾಗಿ ಹೊಡೆದುರುಳಿಸುವ ದೇಶದಲ್ಲಿ ಬೇಟೆಗಾರರನ್ನು ಬಿಟ್ಟು ರಕ್ಷಣೆ ಸಾಧ್ಯವಿರಲಿಲ್ಲ. ಅದಕ್ಕೆಂದೇ ಊರಿನ ಯುವಕರನ್ನು ‘ಹುಮಾತ್ ಅಲ್ ಹಿಮಾ’, ಅಂದರೆ ಹಿಮಾದ ಕಾವಲುಗಾರರು ಎಂಬ ಹೆಸರಿನಲ್ಲಿ ತಯಾರು ಮಾಡಿದರು. ಜೋರ್ಡಾನಿನ ಝರ್ಕಾ ನದಿ ಪಾತ್ರದ ಬನೀ ಹಾಶಿಮ್ ಊರಿನಲ್ಲಿ ಸರ್ಕಾರಿ ಹುಲ್ಲುಗಾವಲಿನ ಒಂದು ತುಂಡನ್ನು ನೋಡಿಕೊಳ್ಳುವ ಹಕ್ಕನ್ನು ಊರಿನವರಿಗೇ ಕೊಟ್ಟರು; ಕೆಲ ಕಾಲ ಮೇಯಿಸದೆ ಬಿಟ್ಟದ್ದಕ್ಕೆ ಸ್ಥಳೀಯ ಗಿಡಮೂಲಿಕೆಗಳು ಮತ್ತೆ ಕಾಣಿಸಿಕೊಂಡವು.

ಎರಡರಲ್ಲಿ ಒಂದು ಸಾಕು ಎಂದು ನಾನು ಹೇಳಲಾರೆ. ಓರಿಕ್ಸ್‌ನಂಥ ಪ್ರಾಣಿಗೆ ಒಂದು ಊರಿನ ಹಿಮಾ ಸಾಲದು; ಅದಕ್ಕೆ ದೇಶದ ಹಣ, ಗಸ್ತು, ಸಾವಿರಾರು ಚದರ ಕಿಲೋಮೀಟರ್ ಬಯಲು ಬೇಕು. ಆದರೆ ಮಹ್ಮಿಯಾದ ಗಡಿಯನ್ನು ಎಳೆದ ಕೈಯೇ ಅದನ್ನು ಅಳಿಸಲೂಬಲ್ಲದು. ಒಮಾನಿನಲ್ಲಿ ಹಾಗಾಯಿತು. ಜೋರ್ಡಾನಿನ ದಾನಾ ಧಾಮದ ಒಂದು ಭಾಗವನ್ನು ತಾಮ್ರದ ಗಣಿಗಾಗಿ ಬಿಟ್ಟುಕೊಡಲು 2021ರಲ್ಲಿ ಸರ್ಕಾರ ಹೊರಟಾಗಲೂ ಅದೇ ಅಪಾಯ ಎದುರಾಯಿತು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕನ್ನಡಿಗರಿಗೆ ಹೆದ್ದಾರಿ ಬದಿಯಲ್ಲಿ ಮಹ್ಮಿಯಾ ಎಂಬ ಫಲಕ ಕಂಡೀತು. ಅದರ ಹಿಂದಿನ ನೆಲವನ್ನು ಹಿಂದೆ ಯಾವ ಬುಡಕಟ್ಟು ಕಾಯುತ್ತಿತ್ತು, ಈಗ ಅವರ ಕುರಿಗಳು ಎಲ್ಲಿ ಮೇಯುತ್ತವೆ ಎಂದು ಅಲ್ಲಿನವರನ್ನು ಕೇಳಿ ನೋಡಬಹುದು.