ಕೋಳಿ ತೂಕಡಿಸತೊಡಗಿದ ಮೇಲೆ ಲಸಿಕೆ ಕೇಳಬೇಡಿ

ಮಾರ್ಚ್‌ನಿಂದ ಮೇ ತಿಂಗಳವರೆಗೆ ನನಗೆ ಬರುವ ಕರೆಗಳಲ್ಲಿ ಬಹುಪಾಲು ಒಂದೇ ಧಾಟಿಯವು. “ಡಾಕ್ಟರೇ, ಮೊನ್ನೆ ಒಂದು ಹೇಂಟೆ ಸತ್ತಿತು. ಇವತ್ತು ಬೆಳಿಗ್ಗೆ ಗೂಡು ತೆರೆದರೆ ಇನ್ನೂ ಎರಡು ಬಿದ್ದಿವೆ. ಉಳಿದವು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿವೆ. ಬೇಗ ಬಂದು ಲಸಿಕೆ ಹಾಕಿ.” ಇದಕ್ಕೆ ಮೊದಲು ಯಾವತ್ತಾದರೂ ಹಾಕಿಸಿದ್ದಿರಾ ಎಂದು ಕೇಳುತ್ತೇನೆ. “ಇಲ್ಲ ಡಾಕ್ಟರೇ, ಇಷ್ಟು ವರ್ಷ ರೋಗವೇ ಬಂದಿರಲಿಲ್ಲವಲ್ಲ!”

ಉಡುಪಿ, ಮಂಗಳೂರಿನ ಸುತ್ತಮುತ್ತ ಮನೆಯ ಹಿಂದೆ ಹತ್ತು ಹದಿನೈದು ಊರಕೋಳಿ ಸಾಕುವವರಿಗೆ ಗೂಡು ಎಷ್ಟು ಎತ್ತರ ಇರಬೇಕು, ಕಾವಿಗೆ ಯಾವ ಹೇಂಟೆಯನ್ನು ಕೂರಿಸಬೇಕು ಎಂದು ನಾನು ಹೇಳಿಕೊಡಬೇಕಾಗಿಲ್ಲ. ಅವೆಲ್ಲ ಅವರಿಗೆ ತಾಯಿ, ಅತ್ತೆಯಂದಿರಿಂದ ಬಂದಿವೆ. ಹೆಬ್ಬಾವು ಗೂಡಿಗೆ ನುಗ್ಗುತ್ತದೆಂದು ಬಲೆ ಕಟ್ಟುತ್ತಾರೆ, ಗಿಡುಗ ಬರುತ್ತದೆಂದು ಮರಿಗಳನ್ನು ಬುಟ್ಟಿಯ ಅಡಿ ಮುಚ್ಚಿಡುತ್ತಾರೆ, ಮುಂಗುಸಿಗೆಂದು ನಾಯಿ ಸಾಕುತ್ತಾರೆ. ಆದರೆ ಹೆಬ್ಬಾವು ಒಂದು ರಾತ್ರಿಗೆ ಒಂದೋ ಎರಡೋ ಕೋಳಿ ನುಂಗೀತು. ಕೊಕ್ಕರೆ ರೋಗ ಒಂದೇ ವಾರದಲ್ಲಿ ಇಡೀ ಗೂಡನ್ನು ಖಾಲಿ ಮಾಡುತ್ತದೆ. ಬಲೆಗೆ ಸಾವಿರಾರು ರೂಪಾಯಿ ಖರ್ಚು ಮಾಡಿದ ಮನೆಯಲ್ಲೇ ಲಸಿಕೆಯ ಸುದ್ದಿ ಇರುವುದಿಲ್ಲ.

ಕೊಕ್ಕರೆ ರೋಗವೆಂದರೆ ರಾಣಿಖೇತ್ ರೋಗ. 1920ರ ದಶಕದಲ್ಲಿ ಕುಮಾವೋ ಬೆಟ್ಟಸಾಲಿನ ರಾಣಿಖೇತ್‌ನಲ್ಲಿ ಗುರುತಿಸಲ್ಪಟ್ಟ ಈ ವೈರಸ್ ಈಗ ದೇಶದ ಯಾವ ಹಳ್ಳಿಗೂ ಹೊಸದಲ್ಲ. ಹಸಿರು ಬಣ್ಣದ ನೀರು ನೀರಾದ ಹಿಕ್ಕೆ, ಬಾಯಿ ತೆರೆದು ಉಸಿರೆಳೆಯುವುದು, ಮೊಟ್ಟೆ ನಿಲ್ಲುವುದು ಅಥವಾ ಮೊಟ್ಟೆಯ ಚಿಪ್ಪು ಮೆತ್ತಗಾಗುವುದು, ಬದುಕುಳಿದ ಒಂದೆರಡರಲ್ಲಿ ಕತ್ತು ತಿರುಚಿಕೊಳ್ಳುವುದು, ಕಾಲೆಳೆಯುವುದು: ಇವನ್ನು ನೋಡದ ಕೋಳಿ ಸಾಕಣೆದಾರರು ನಮ್ಮಲ್ಲಿ ಕಡಿಮೆ. ಆದರೂ ಫೋನಿನಲ್ಲಿ ಕೇಳಿ ಇದೇ ರೋಗ ಎಂದು ನಾನು ಹೇಳುವುದಿಲ್ಲ. ಕಾಲರಾ, ರಕ್ತಬೇಧಿ, ವಿಷಪ್ರಾಶನ ಇವುಗಳಲ್ಲೂ ಕೋಳಿ ತೂಕಡಿಸುತ್ತದೆ. ಇದ್ದಕ್ಕಿದ್ದಂತೆ ಬಹಳಷ್ಟು ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿ ಮುಖ ಊದಿಕೊಂಡಿದ್ದರೆ, ಆಸುಪಾಸಿನಲ್ಲಿ ಕಾಗೆಗಳೂ ಸಾಯುತ್ತಿದ್ದರೆ, ಮನೆಯಲ್ಲಿ ಕೊಯ್ದು ನೋಡಬೇಡಿ. ಕೂಡಲೇ ಪಶುಪಾಲನಾ ಇಲಾಖೆಗೆ ತಿಳಿಸಿ. ಹಕ್ಕಿಜ್ವರ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕಾದದ್ದು ಪ್ರಯೋಗಾಲಯ.

ಈಗ ನಾನು ಪ್ರತಿ ಅಂಗಳದಲ್ಲೂ ಹೇಳಿ ಹೇಳಿ ಸೋತ ವಿಷಯಕ್ಕೆ ಬರುತ್ತೇನೆ. ಲಸಿಕೆಯ ಸೀಸೆಯೊಳಗೆ ರೋಗವನ್ನು ಕೊಲ್ಲುವ ಮದ್ದು ಇಲ್ಲ. ಅದರಲ್ಲಿರುವುದು ಕಸುವು ಕುಗ್ಗಿಸಿದ ವೈರಸ್. ಅದು ಕೋಳಿಯ ಮೈಯೊಳಗೆ ಹೋಗಬೇಕು, ಮೈ ಅದನ್ನು ಗುರುತಿಸಬೇಕು, ಅದರ ವಿರುದ್ಧ ಬೇಕಾದದ್ದನ್ನು ತಯಾರಿಸಿಕೊಳ್ಳಬೇಕು. ಈ ತಯಾರಿಗೆ ಒಂದರಿಂದ ಎರಡು ವಾರ ಹಿಡಿಯುತ್ತದೆ. ಅತ್ತ ನಿಜವಾದ ರೋಗದ ವೈರಸ್ ಕೋಳಿಯೊಳಗೆ ಹೊಕ್ಕರೆ ಸಾಮಾನ್ಯವಾಗಿ ಐದಾರು ದಿನಗಳಲ್ಲಿ ಲಕ್ಷಣ ತೋರಿಸುತ್ತದೆ. ಕೆಲವೊಮ್ಮೆ ಎರಡೇ ದಿನ, ಕೆಲವೊಮ್ಮೆ ಹದಿನೈದು ದಿನ.

ಲೆಕ್ಕ ಹಾಕಿ ನೋಡಿ. ಸೋಮವಾರ ನಿಮ್ಮ ಮೊದಲ ಹೇಂಟೆ ಸತ್ತಿತು ಎಂದಿಟ್ಟುಕೊಳ್ಳಿ. ಅದು ಸಾಯುವ ಹೊತ್ತಿಗೆ ಮಾತ್ರ ರೋಗ ಹರಡಿದ್ದಲ್ಲ. ಲಕ್ಷಣ ಕಾಣುವ ಮೊದಲೇ ಅದರ ಹಿಕ್ಕೆಯಲ್ಲಿ, ಮೂಗಿನ ನೀರಿನಲ್ಲಿ ವೈರಸ್ ಹೊರಬರುತ್ತಿತ್ತು. ಅದೇ ತಟ್ಟೆಯ ನೀರನ್ನು ಉಳಿದವೂ ಕುಡಿದಿವೆ, ಅದೇ ಅಂಗಳವನ್ನು ಕೆದಕಿವೆ, ರಾತ್ರಿ ಒತ್ತೊತ್ತಾಗಿ ಒಂದೇ ಗೂಡಿನಲ್ಲಿ ಕೂತಿವೆ. ಮಂಗಳವಾರ ನಾನು ಓಡೋಡಿ ಬಂದು ಲಸಿಕೆ ಹಾಕಿದರೂ ಅದು ಕೋಳಿಯ ಕೈಹಿಡಿಯುವುದು ಮುಂದಿನ ವಾರದ ಕೊನೆಗೆ. ರೋಗ ಎರಗುವುದು ಈ ಶನಿವಾರವೋ ಭಾನುವಾರವೋ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಇಷ್ಟು ಸಾಲದೆಂಬಂತೆ, ರೋಗ ಹೊಕ್ಕ ಕೋಳಿಗೆ ಚುಚ್ಚಿದ ಸೂಜಿಯನ್ನೇ ಮುಂದಿನ ಕೋಳಿಗೂ ಚುಚ್ಚಿದರೆ ನಾವೇ ರೋಗ ದಾಟಿಸಿದಂತಾಗುತ್ತದೆ. ನಮ್ಮ ಕೈ, ಚಪ್ಪಲಿ, ಬುಟ್ಟಿಯೂ ಅದೇ ಕೆಲಸ ಮಾಡುತ್ತವೆ.

ದೊಡ್ಡ ಫಾರಂಗಳಲ್ಲಿ ಒಂದು ಶೆಡ್ಡಿಗೆ ರೋಗ ಬಂದಾಗ ಇನ್ನೂ ತಗುಲದ ಬೇರೆ ಶೆಡ್ಡುಗಳಿಗೆ ತುರ್ತಾಗಿ ಲಸಿಕೆ ಕೊಡುವುದು ಇದೆ. ಅದು ಸ್ಥಳದಲ್ಲಿ ನೋಡಿ ವೈದ್ಯರು ತೆಗೆದುಕೊಳ್ಳುವ ನಿರ್ಧಾರ. ಒಂದೇ ಗೂಡಿನ ಹನ್ನೆರಡು ಕೋಳಿಗೆ ಅದು ಅನ್ವಯಿಸುವುದು ಅಪರೂಪ.

ಇದನ್ನು ವಿವರಿಸಿದಾಗ ತಲೆಯಾಡಿಸುತ್ತಾರೆ. ಆಮೇಲೆ, “ಆದರೂ ಒಂದು ಹಾಕಿಬಿಡಿ, ಮನಸ್ಸಿಗೆ ಸಮಾಧಾನ” ಎನ್ನುತ್ತಾರೆ. ನಾನು ಹಾಕುವುದಿಲ್ಲ. ಹಾಕಿದ ಮೂರನೇ ದಿನ ಉಳಿದ ಕೋಳಿಗಳೂ ಸತ್ತರೆ ಹಾಲಿನ ಡೇರಿಯಲ್ಲಿ, ಪಡಿತರ ಅಂಗಡಿಯಲ್ಲಿ ಹರಡುವ ಸುದ್ದಿ ಒಂದೇ: ಲಸಿಕೆ ಹಾಕಿಸಿದರು, ಕೋಳಿ ಸತ್ತವು. ಆ ಮಾತು ಕೇಳಿದ ನೆರೆಕರೆಯ ಮನೆಗಳು ಮುಂದಿನ ವರ್ಷ ಲಸಿಕೆಯ ಹತ್ತಿರವೂ ಸುಳಿಯುವುದಿಲ್ಲ. ನನಗೆ ಸಿಟ್ಟು ಬರುವುದು ಕೋಳಿ ಸತ್ತದ್ದಕ್ಕಿಂತ ಹೆಚ್ಚಾಗಿ ಈ ಸುದ್ದಿಯ ಓಟಕ್ಕೆ.

ಹಿರಿಯಡಕದ ಕಡೆಯ ಒಬ್ಬ ಅಜ್ಜಿಯ ನೆನಪಾಗುತ್ತದೆ. ಪ್ರತಿ ಹೇಂಟೆಗೂ ಹೆಸರಿಟ್ಟಿದ್ದರು; ಮೊಟ್ಟೆ ಮಾರಿದ ದುಡ್ಡನ್ನು ಸೆರಗಿನಲ್ಲಿ ಗಂಟು ಕಟ್ಟಿ ಮೊಮ್ಮಗಳ ಬಸ್ಸಿನ ಖರ್ಚಿಗೆ ಕೊಡುತ್ತಿದ್ದರು. ಅವರ ಕೋಳಿಗಳಿಗೆ ರೋಗ ಬಂದಾಗ ಅನ್ನದಲ್ಲಿ ಅರಸಿನ, ಕರಿಮೆಣಸು, ಈರುಳ್ಳಿ ಅರೆದು ಉಂಡೆ ಕಟ್ಟಿ ಒಂದೊಂದಕ್ಕೇ ನುಂಗಿಸಿದರು. ಅದರಿಂದ ಕೆಡುಕಿಲ್ಲ, ನಾನು ಬೈಯುವುದಿಲ್ಲ. ಆದರೆ ಈ ವೈರಸ್ಸಿಗೆ ಅರಸಿನವೂ ಮದ್ದಲ್ಲ, ಮನೆಯಲ್ಲಿ ಯಾರಿಗೋ ಜ್ವರ ಬಂದಾಗ ಉಳಿದ ಆಂಟಿಬಯೋಟಿಕ್ ಕ್ಯಾಪ್ಸೂಲೂ ಮದ್ದಲ್ಲ. ಕ್ಯಾಪ್ಸೂಲ್ ಒಡೆದು ನೀರಿಗೆ ಸುರಿಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ವೈರಸ್ಸಿಗೆ ಅದು ತಾಗುವುದಿಲ್ಲ, ಮೊಟ್ಟೆಯಲ್ಲಿ ಮಾತ್ರ ಅದರ ಶೇಷ ಉಳಿಯುತ್ತದೆ. ಆ ಮೊಟ್ಟೆ ತಿನ್ನುವುದು ನಿಮ್ಮದೇ ಮಕ್ಕಳು.

ಹಾಗಾದರೆ ಯಾವಾಗ ಹಾಕಿಸಬೇಕು? ಮರಿಗೆ ಐದರಿಂದ ಏಳು ದಿನವಾದಾಗ ಲಸೋಟಾ ಅಥವಾ ಎಫ್-1 ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರದ ಹೊತ್ತಿಗೆ ಲಸೋಟಾ ಇನ್ನೊಮ್ಮೆ. ಎಂಟರಿಂದ ಹತ್ತು ವಾರವಾದಾಗ ರೆಕ್ಕೆಯ ಅಡಿ ಚರ್ಮದ ಕೆಳಗೆ ಆರ್ ಟು ಬಿ ಚುಚ್ಚುಮದ್ದು, ಅರ್ಧ ಎಂ.ಎಲ್. ಈ ಕೊನೆಯದು 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ವೈರಸ್ ತಳಿ. ಪರಿಣಾಮಕಾರಿ, ಆದರೆ ಖಾರವಾದದ್ದು. ಆರು ವಾರವೂ ತುಂಬದ ಮರಿಗೆ ಅದನ್ನು ಚುಚ್ಚಿದರೆ ಲಸಿಕೆಯಿಂದಲೇ ಮರಿ ಕಾಯಿಲೆ ಬೀಳಬಹುದು. ಮೊಟ್ಟೆ ಇಡುತ್ತಿರುವ ಹೇಂಟೆಗೆ ಕೊಟ್ಟರೆ ಕೆಲವು ದಿನ ಮೊಟ್ಟೆ ಕಡಿಮೆಯಾಗಬಹುದು. ಹೊಟ್ಟೆಯಲ್ಲಿ ಜಂತುಹುಳ ತುಂಬಿರುವ ಕೋಳಿಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಒಂದು ವಾರ ಮೊದಲು ಜಂತುಹುಳದ ಔಷಧಿ ಕೊಡುವುದು ಒಳ್ಳೆಯದು. ಮುಂದಿನ ಬೂಸ್ಟರ್‌ಗಳ ಅಂತರವನ್ನು ನಿಮ್ಮ ಕೋಳಿ ನೋಡಿದ ವೈದ್ಯರಿಂದಲೇ ಕೇಳಿಕೊಳ್ಳಿ. ಇಲ್ಲಿ ಓದಿದ್ದನ್ನು ನಂಬಿ ನೀವೇ ಸಿರಿಂಜ್ ಹಿಡಿಯಬೇಡಿ.

ಸೀಸೆಯ ಪ್ರಯಾಣ ಇನ್ನೊಂದು ಕಥೆ. ಗಲ್ಫ್‌ನಿಂದ ಮರಳಿದ ಯುವಕನೊಬ್ಬ ಬ್ರಹ್ಮಾವರದ ಹತ್ತಿರ ಬಹಳ ಆಸೆಯಿಂದ ಶೆಡ್ ಕಟ್ಟಿ ಗಿರಿರಾಜ ಕೋಳಿ ತಂದ. ಲಸಿಕೆಯನ್ನೂ ಹೊತ್ತು ಹೊತ್ತಿಗೆ ಹಾಕಿದ. ಆದರೂ ರೋಗ ಬಂದು ಅರ್ಧಕ್ಕರ್ಧ ಸತ್ತವು. ವಿಚಾರಿಸಿದರೆ, ಏಪ್ರಿಲ್ ಮಧ್ಯಾಹ್ನ ಔಷಧಿ ಅಂಗಡಿಯಿಂದ ಸೀಸೆಯನ್ನು ಸ್ಕೂಟರಿನ ಸೀಟಿನಡಿ ಇಟ್ಟು ತಂದಿದ್ದ, ದಾರಿಯಲ್ಲಿ ಒಂದು ಮದುವೆಯ ಊಟವನ್ನೂ ಮುಗಿಸಿದ್ದ. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ನಮ್ಮ ಕರಾವಳಿಯ ಸೆಖೆಯಲ್ಲಿ ಸೀಟಿನಡಿಯ ಪೆಟ್ಟಿಗೆ ಒಲೆಯೇ ಸರಿ. ಒಳಗಿನ ವೈರಸ್ ಸತ್ತ ಮೇಲೆ ಉಳಿಯುವುದು ಬರೀ ಪುಡಿ. ನೋಡಲು ಮೊದಲಿನ ಹಾಗೆಯೇ ಇರುತ್ತದೆ, ಕೆಟ್ಟಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಥರ್ಮಾಸಿನಲ್ಲಿ ಐಸ್ ತುಂಬಿಸಿಕೊಂಡು ಹೋಗಿ. ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ನಾಳೆಗೆಂದು ಫ್ರಿಜ್ಜಿನಲ್ಲಿಡಬೇಡಿ. ಕುಡಿಯುವ ನೀರಿನಲ್ಲಿ ಕೊಡುವ ಲಸಿಕೆಯಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಮೊನ್ನೆ ಬ್ಲೀಚಿಂಗ್ ಪುಡಿ ಹಾಕಿದ ಬಾವಿಯ ನೀರೂ ಬೇಡ. ಹನಿ ಹಾಕುವಾಗ ನಿಮ್ಮ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಮನುಷ್ಯರಿಗೂ ಇದರಿಂದ ಕೆಲವು ದಿನ ಕಣ್ಣು ಕೆಂಪಾಗುವುದುಂಟು.

“ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ನಮ್ಮಲ್ಲಿರುವುದು ಹನ್ನೊಂದು, ಉಳಿದದ್ದು ದಂಡವಲ್ಲವೇ?” ಈ ಆಕ್ಷೇಪದಲ್ಲಿ ನ್ಯಾಯವಿದೆ. ಕಾಪು ಕಡೆಯ ಒಂದು ಸ್ವಸಹಾಯ ಸಂಘದ ಹೆಂಗಸರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ನೆರೆಕರೆಯ ಎಂಟು ಹತ್ತು ಮನೆಗಳ ಕೋಳಿ ಲೆಕ್ಕ ಹಾಕಿ, ಒಂದೇ ದಿನ ಗೊತ್ತು ಮಾಡಿ, ಸೀಸೆಯ ದುಡ್ಡನ್ನು ಹಂಚಿಕೊಳ್ಳುತ್ತಾರೆ. ಹಗಲು ಕೋಳಿ ಹಿಡಿಯಲು ಹೋದರೆ ತೋಟವಿಡೀ ಓಡಬೇಕಾಗುತ್ತದೆಂದು ಹಿಂದಿನ ರಾತ್ರಿಯೇ, ಹಲಸಿನ ಮರ ಏರುವ ಹುಂಜಗಳನ್ನೂ ಸೇರಿಸಿ, ಎಲ್ಲವನ್ನೂ ಗೂಡಿನೊಳಗೆ ಹಾಕಿ ಬಾಗಿಲು ಬಿಗಿಯುತ್ತಾರೆ. ಬೆಳಿಗ್ಗೆ ಬಿಸಿಲು ಏರುವುದರೊಳಗೆ ಕೆಲಸ ಮುಗಿದಿರುತ್ತದೆ. ಅವರ ಅಂಗಳಕ್ಕೆ ಹೋಗುವುದೆಂದರೆ ನನಗೆ ಖುಷಿ. ಒಬ್ಬರು ಕೋಳಿ ಹಿಡಿಯುತ್ತಾರೆ, ಒಬ್ಬರು ರೆಕ್ಕೆ ಬಿಡಿಸುತ್ತಾರೆ, ಒಬ್ಬರು ಯಾವ ಮನೆಯದ್ದು ಎಷ್ಟಾಯಿತು ಎಂದು ನೋಟ್‌ಪುಸ್ತಕದಲ್ಲಿ ಬರೆಯುತ್ತಾರೆ. ನನಗೆ ಹೇಳಿಕೊಡಲು ಏನೂ ಉಳಿದಿರುವುದಿಲ್ಲ.

ಇದೇ ಮನೆಗಳ ಹಟ್ಟಿಯಲ್ಲಿರುವ ದನದ ವಿಷಯ ಬೇರೆ. 2019ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಹಟ್ಟಿಯ ಬಾಗಿಲಿಗೇ ಬರುತ್ತದೆ. ದನದ ಕಿವಿಗೆ ಹಳದಿ ಓಲೆ, ಓಲೆಯಲ್ಲಿ ನಂಬರು, ಡೇರಿಯ ಕಾರ್ಯದರ್ಶಿಯ ನೆನಪೋಲೆ. ಜ್ವರ ಬಂದ ಮೇಲೆ ಹಾಕಿಸೋಣ ಎಂದು ದನದ ವಿಷಯದಲ್ಲಿ ಯಾರೂ ಹೇಳುವುದಿಲ್ಲ. ಗೊತ್ತಿರುವ ಸಂಗತಿಯನ್ನೇ ಹಟ್ಟಿಯಿಂದ ಹತ್ತು ಹೆಜ್ಜೆ ಆಚೆಯ ಕೋಳಿಗೂಡಿಗೆ ಏಕೆ ಒಯ್ಯುವುದಿಲ್ಲ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ರೋಗ ಹೆಚ್ಚಾಗಿ ಒಳಬರುವ ದಾರಿ ಹೊಸ ಕೋಳಿ. ಕೋಲ, ನೇಮ, ಹರಕೆ, ಬೇಸಿಗೆಯ ನೆಂಟರು ಎಂದು ಮೇ ಕೊನೆಯ ಪತ್ತನಾಜೆಯವರೆಗೆ (ಕೋಲ, ನೇಮಗಳ ಕಾಲ ಮುಗಿಯುವ ದಿನ) ನಮ್ಮಲ್ಲಿ ಕೋಳಿಗಳ ಓಡಾಟ ಜೋರು. ಸಂತೆಯಿಂದ ತಂದದ್ದು, ತಂಗಿಯ ಮನೆಯಿಂದ ಬಂದದ್ದು, ಕೋಳಿ ಅಂಕದಿಂದ (ಕೋಳಿ ಕಾಳಗದಿಂದ) ಮರಳಿದ ಹುಂಜ, ಎಲ್ಲವನ್ನೂ ಆ ಸಂಜೆಯೇ ಹಳೆಯ ಗೂಡಿಗೆ ಸೇರಿಸಿಬಿಡುತ್ತಾರೆ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದು ಒಂದು ಕಡೆ. ವೈದ್ಯನಾಗಿ ನನ್ನ ಆತಂಕ, ಹತ್ತೂರಿನ ಹುಂಜಗಳು ಒಂದೇ ಗದ್ದೆಯಲ್ಲಿ ಸೇರಿ ರಾತ್ರಿಗೆ ಹತ್ತೂರಿಗೆ ಮರಳುತ್ತವೆ ಎಂಬುದು. ಯಾವ ಕೋಳಿಯೇ ಬರಲಿ, ಮೂರು ವಾರ ಬೇರೆ ಕಡೆ ಕಟ್ಟಿಡಿ. ಮೊದಲು ನಿಮ್ಮ ಕೋಳಿಗೆ ನೀರು, ಮೇವು ಕೊಟ್ಟು ಆಮೇಲೆ ಅದರ ಹತ್ತಿರ ಹೋಗಿ, ಕೈ ತೊಳೆದು ಬನ್ನಿ. ಅಷ್ಟು ಮಾಡಿದರೂ ಸಾಕು, ಎಷ್ಟೋ ಗೂಡುಗಳು ಉಳಿಯುತ್ತವೆ.

ಇನ್ನು ಈ ವರ್ಷ ಈಗಾಗಲೇ ಕೋಳಿ ಕಳೆದುಕೊಂಡವರಿಗೆ. ಸತ್ತದ್ದನ್ನು ತೋಡಿಗೆ, ಹಳ್ಳಕ್ಕೆ ಎಸೆಯಬೇಡಿ, ಕೆಳಗಿನ ಮನೆಗೆ ರೋಗ ಹೊರಡುವುದೇ ಅಲ್ಲಿಂದ. ಗುಡ್ಡೆಯಲ್ಲಿ ಬಿಸಾಡಿದರೆ ನಾಯಿ ಎಳೆದು ತರುತ್ತದೆ. ಬಾವಿಯಿಂದ ದೂರ, ಮಳೆಗಾಲದಲ್ಲಿ ನೀರು ಏಳದ ಜಾಗದಲ್ಲಿ ನಾಲ್ಕು ಅಡಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ತೂಕಡಿಸುವ ಕೋಳಿಯನ್ನು ಅಗ್ಗಕ್ಕೆ ಮಾರುವುದು, ನೆಂಟರಿಗೆ ಕೊಟ್ಟು ಕಳುಹಿಸುವುದು ಎರಡೂ ತಪ್ಪು. ಗೂಡಿನ ಹಳೆಯ ಹಿಕ್ಕೆ, ಹೊಟ್ಟು ಎಲ್ಲ ತೆಗೆದು, ತೊಳೆದು, ಸುಣ್ಣ ಬಳಿದು, ಬಿಸಿಲು ಬೀಳುವಂತೆ ತೆರೆದಿಟ್ಟು ಕನಿಷ್ಠ ಒಂದು ತಿಂಗಳು ಖಾಲಿ ಬಿಡಿ. ಕತ್ತು ತಿರುಚಿಕೊಂಡು ಬದುಕುಳಿದ ಕೋಳಿ ಇದ್ದರೆ ಅದರ ಮೇಲೆ ಎಷ್ಟೇ ಪ್ರೀತಿ ಇರಲಿ, ವೈದ್ಯರನ್ನು ಕೇಳದೆ ಹೊಸ ಮರಿಗಳ ಜೊತೆ ಬಿಡಬೇಡಿ. ಆಸ್ಪತ್ರೆ ದೂರವಾದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ವ್ಯವಸ್ಥೆ ಇದೆ. ಹೊಸ ಮರಿ ತರುವುದೆಂದು ತೀರ್ಮಾನಿಸಿದ ದಿನವೇ, ಮರಿ ಇನ್ನೂ ಮಾರುವವರ ಬಳಿ ಇರುವಾಗಲೇ, ಮೊದಲ ಹನಿ ಯಾವಾಗ ಹಾಕಬೇಕೆಂದು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಜೊತೆಗೆ ನೆರೆಕರೆಯವರ ಕೋಳಿ ಎಷ್ಟಿವೆ ಎಂಬ ಲೆಕ್ಕವನ್ನೂ ತಂದರೆ ಒಂದೇ ಸೀಸೆಯಲ್ಲಿ ಎಲ್ಲರದೂ ಮುಗಿಯುತ್ತದೆ.