ಬೆಳಕು ಸ್ಪಿನ್ ಆರಿಸುವುದು ಹೇಗೆ? ಅಳಗುಳಿ ಮಣೆಯ ಲೆಕ್ಕ

ಎಲೆಕ್ಟ್ರಾನ್ ಒಂದು ಪುಟಾಣಿ ಆಯಸ್ಕಾಂತದ ಹಾಗೆ, ಆ ಗುಣವೇ ಸ್ಪಿನ್. ಅದನ್ನು ಕ್ವಾಂಟಂ ಕಂಪ್ಯೂಟರಿನ ಬಿಟ್ ಆಗಿ ಬಳಸಿದರೆ ಸ್ಪಿನ್ ಕ್ಯೂಬಿಟ್. ಇದರ ಬಗ್ಗೆ ಕಲಿಯುವವರು ಹೆಚ್ಚಾಗಿ ವಜ್ರದ ಎನ್‌ವಿ ಸೆಂಟರ್‌ನಿಂದ (ಹರಳಿನಲ್ಲಿ ಒಂದು ಸಾರಜನಕ, ಪಕ್ಕದಲ್ಲೊಂದು ಖಾಲಿ ಜಾಗ) ಶುರು ಮಾಡುತ್ತಾರೆ. ನಾನೂ ಅಷ್ಟೇ. ಅಲ್ಲಿಂದ ಅಣುಗಳಿಗೆ ಬಂದಾಗ ಒಂದು ಕಡೆ ಎಡವಿದೆ. ಈ ಟಿಪ್ಪಣಿ ಆ ಜಾಗದ ಬಗ್ಗೆಯೇ.

ಉದಾಹರಣೆಗೆ ಒಂದು ಕ್ರೋಮಿಯಂ ಅಣು. 2020ರಲ್ಲಿ ನಾರ್ತ್‌ವೆಸ್ಟರ್ನ್ ಮತ್ತು ಶಿಕಾಗೋ ವಿಶ್ವವಿದ್ಯಾಲಯಗಳ ತಂಡಗಳು ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದವು. ನಡುವೆ ಕ್ರೋಮಿಯಂ, ಸುತ್ತ ಟೋಲೈಲ್ ಎಂಬ ನಾಲ್ಕು ಇಂಗಾಲದ ಗುಂಪು. ಕ್ರೋಮಿಯಂನಲ್ಲಿ ಬಂಧಕ್ಕೆ ಹೋಗದೆ ಉಳಿದ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ಒಂದೇ ಕಡೆಗೆ. ಇದು ಟ್ರಿಪ್ಲೆಟ್, ಅಂದರೆ ಶಕ್ತಿಯ ಮೂರು ಮಟ್ಟ. ಆಯಸ್ಕಾಂತ ಇಡದೇ ಇದ್ದರೂ ಒಂದು ಮಟ್ಟ ಉಳಿದೆರಡರಿಂದ ಸುಮಾರು 3.6 ಗಿಗಾಹರ್ಟ್ಸ್ ದೂರ ನಿಲ್ಲುತ್ತದೆ (ಇಲ್ಲಿ ಶಕ್ತಿಯನ್ನೂ ಹರ್ಟ್ಸ್‌ನಲ್ಲೇ ಅಳೆಯುತ್ತಿದ್ದೇನೆ). ಈ ಅಣುಗಳನ್ನು ಅದೇ ಆಕಾರದ ತವರದ ಅಣುಗಳ ಹರಳಿನಲ್ಲಿ ಸ್ವಲ್ಪವೇ ಬೆರೆಸುತ್ತಾರೆ. ಒತ್ತೊತ್ತಾಗಿ ಕೂರಿಸಿದರೆ ಒಂದರ ಸ್ಪಿನ್ ಪಕ್ಕದ್ದನ್ನು ಕೆಡಿಸುತ್ತದೆ.

ಈಗ ತೊಂದರೆ ನೋಡಿ. ಕ್ಯೂಬಿಟ್ ಕೆಲಸ ಶುರುವಾಗಬೇಕಾದರೆ ಅಣುಗಳು ಗೊತ್ತಿರುವ ಮಟ್ಟದಲ್ಲಿರಬೇಕು. ತಣ್ಣಗೆ ಮಾಡಿದರೆ ಸಾಕಲ್ವಾ ಅಂದುಕೊಂಡು ಲೆಕ್ಕ ಹಾಕಿದೆ. 5 ಕೆಲ್ವಿನ್‌ನ ಶಾಖ ಅಂದರೆ ಸುಮಾರು 104 ಗಿಗಾಹರ್ಟ್ಸ್. ಅದರ ಮುಂದೆ 3.6 ಯಾವ ಲೆಕ್ಕ? ಕೆಳಗಿನ ಮಟ್ಟದಲ್ಲಿ 100 ಅಣು ಇದ್ದರೆ ಮೇಲಿನದರಲ್ಲೂ 97 ಇರುತ್ತವೆ. ಬರೀ ಚಳಿಯಿಂದ ಆಗುವ ಕೆಲಸ ಅಲ್ಲ.

ಇಲ್ಲಿ ಲೇಸರ್ ಬರುತ್ತದೆ. ಎನ್‌ವಿಯಲ್ಲಿ ಹಸಿರು ಬೆಳಕು ಎಲ್ಲ ಸ್ಪಿನ್‌ಗಳನ್ನೂ ಹೆಚ್ಚು ಶಕ್ತಿಯ ಮೇಲ್ಮಟ್ಟಕ್ಕೆ ಎತ್ತುತ್ತದೆ. ಆಯ್ಕೆ ನಡೆಯುವುದು ಇಳಿಯುವ ದಾರಿಯಲ್ಲಿ. ಕ್ರೋಮಿಯಂ ಅಣುವಿನಲ್ಲೂ ಹಾಗೇ ಇರಬೇಕು ಅಂತ ನಾನು ಸುಮ್ನೆ ಒಪ್ಪಿಕೊಂಡಿದ್ದೆ. ಆದರೆ ಇಲ್ಲಿ ಆಯ್ಕೆ ಹತ್ತುವಾಗಲೇ.

ಅಳಗುಳಿ ಮಣೆಯ ಮೂರು ಗುಳಿ ನೆನೆಸಿಕೊಳ್ಳಿ. ಗುಳಿ ಅಂದರೆ ಮಟ್ಟ, ಬೀಜ ಅಂದರೆ ಅಣು, ಎತ್ತುವ ಕೈ ಲೇಸರ್. ಮೂರರಲ್ಲೂ ಸರಿಸುಮಾರು ಒಂದೇ ಸಮ ಹುಣಸೆ ಬೀಜ. ಮೊದಲನೇ ಗುಳಿಯಿಂದ ಮಾತ್ರ ಒಂದೊಂದೇ ಬೀಜ ಎತ್ತಿ, ಕಣ್ಣು ಮುಚ್ಚಿ ಬಿಡುತ್ತಾ ಹೋಗಿ. ಅದು ಯಾವ ಗುಳಿಗಾದರೂ ಬೀಳಲಿ. ಮತ್ತೆ ಮೊದಲನೇದಕ್ಕೇ ಬಿದ್ದರೆ ಮತ್ತೆ ಎತ್ತುತ್ತೀರಿ. ಬೇರೆಯದಕ್ಕೆ ಬಿದ್ದರೆ ಅಲ್ಲೇ ಉಳಿಯಿತು. ಕೊನೆಗೆ ಮೊದಲನೇ ಗುಳಿ ಖಾಲಿ! ಬೀಳುವಾಗ ಯಾವ ಆಯ್ಕೆಯೂ ಬೇಕಾಗಲಿಲ್ಲ.

ಅಣು ಯಾವ ಮಟ್ಟದಲ್ಲಿದೆ ಅಂತ ಓದುವುದೂ ಇದರಲ್ಲೇ ಇದೆ. ಬೀಜ ಬೀಳುವಾಗಲೆಲ್ಲ ಅಣು ಬೆಳಕು ಸೂಸಬಹುದು. ಗುಳಿ ಖಾಲಿಯಾದಂತೆ ಬೆಳಕು ಮಂಕಾಗುತ್ತದೆ. ಸರಿಯಾದ ಮೈಕ್ರೋವೇವ್ ಕೊಟ್ಟು ಬೀಜಗಳನ್ನು ವಾಪಸ್ ತಂದರೆ ಮತ್ತೆ ಜಾಸ್ತಿಯಾಗುತ್ತದೆ.

ಸರಿ, ಒಂದೇ ಗುಳಿಗೆ ಕೈ ಹಾಕುವುದು ಹೇಗೆ? ಲೇಸರ್ ಸುಮಾರು 1025 ನ್ಯಾನೋಮೀಟರ್, ಅಂದರೆ 2,92,000 ಗಿಗಾಹರ್ಟ್ಸ್. ಅದರಲ್ಲಿ 3.6ರ ವ್ಯತ್ಯಾಸ ಕಾಣಬೇಕಾದರೆ ಅಣು ಬೆಳಕು ಹೀರುವ ಗೆರೆ, ಅಂದರೆ ಅದು ಹೀರುವ ಬಣ್ಣದ ಹರವು, ತುಂಬಾ ಸಣ್ಣಗಿರಬೇಕು. ಸಾಮಾನ್ಯ ಬಣ್ಣದ ಅಣುಗಳಲ್ಲಿ ಎಲೆಕ್ಟ್ರಾನ್ ಜಾಗ ಬದಲಿಸುತ್ತದೆ, ಬಂಧಗಳು ಅಲುಗಾಡುತ್ತವೆ, ಗೆರೆ ಹರಡಿಕೊಳ್ಳುತ್ತದೆ. ಇಲ್ಲಿ ಎಲೆಕ್ಟ್ರಾನ್‌ಗಳು ಅವೇ ಜಾಗಗಳಲ್ಲಿ (ಆರ್ಬಿಟಲ್‌ಗಳಲ್ಲಿ) ಇರುತ್ತವೆ, ಒಂದರ ಸ್ಪಿನ್ ಮಾತ್ರ ಮಗುಚುತ್ತದೆ. ಹೀಗೆ ಎರಡು ಸ್ಪಿನ್ ಎದುರುಬದುರಾದ ಮೇಲ್ಮಟ್ಟವೇ ಸಿಂಗ್ಲೆಟ್. ಬಂಧಗಳಿಗೆ ಗೊತ್ತೇ ಆಗುವುದಿಲ್ಲ ಅನ್ನಬಹುದು. ಈ ಸಿಂಗ್ಲೆಟ್ ಉಳಿದ ಮೇಲ್ಮಟ್ಟಗಳಿಗಿಂತ ಕೆಳಗೆ ಬರಲೆಂದೇ ಬಿಗಿಯಾಗಿ ಹಿಡಿಯುವ ಇಂಗಾಲದ ಗುಂಪುಗಳನ್ನು ಕ್ರೋಮಿಯಂಗೆ ಕಟ್ಟಿರುವುದು. ನನಗೆ ಇಡೀ ಕೆಲಸದಲ್ಲಿ ಜಾಣತನ ಕಂಡದ್ದು ಇಲ್ಲೇ.

ಹಾಗಾದರೆ ಚಳಿ ಯಾಕೆ ಬೇಕು? ಬೆಚ್ಚಗಾದರೆ ಗೆರೆ ಅಗಲವಾಗುತ್ತದೆ. ಜೊತೆಗೆ ಬೀಜಗಳು ತಾವೇ ಗುಳಿಯಿಂದ ಗುಳಿಗೆ ನೆಗೆಯುತ್ತವೆ. ನಾವು ಖಾಲಿ ಮಾಡುವುದಕ್ಕಿಂತ ಬೇಗ ತುಂಬಿಕೊಂಡರೆ ಆಟ ಮುಗಿಯಿತು.