ಮೊಬೈಲಿನಲ್ಲಿ ಲೈವ್ ಬರ್ತಿದೆ, ರೆಕಾರ್ಡಿಂಗ್ ಇದೆಯಾ?

ಮನೆಗೆ ಸಿಸಿಟಿವಿ ಹಾಕಿಸುವವರು ಎಷ್ಟು ಮೆಗಾಪಿಕ್ಸೆಲ್, ರಾತ್ರಿ ಕಲರ್ ಬರುತ್ತಾ ಅಂತೆಲ್ಲ ವಿಚಾರಿಸುತ್ತಾರೆ. ರೆಕಾರ್ಡಿಂಗ್ ಎಲ್ಲಿ ಸೇವ್ ಆಗುತ್ತದೆ, ಎಷ್ಟು ದಿನ ಇರುತ್ತದೆ ಅಂತ ಕೇಳುವವರು ತೀರಾ ಕಡಿಮೆ. ಕಳ್ಳತನ ಆದ ಮೇಲೆ ಬೇಕಾಗುವುದು ಅದೇ ಅಲ್ವಾ?

ಲೆಕ್ಕ ಸುಲಭ. ಒಂದು 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು 2 ಎಂಬಿಪಿಎಸ್‌ಗೆ (ಸೆಕೆಂಡಿಗೆ 2 ಮೆಗಾಬಿಟ್ ಡೇಟಾ) ಸೆಟ್ ಮಾಡಿ ದಿನವಿಡೀ ಓಡಿಸಿದರೆ ಸುಮಾರು 21.6 ಜಿಬಿ ಆಗುತ್ತದೆ. ನಾಲ್ಕು ಕ್ಯಾಮೆರಾ ಅಂದರೆ ದಿನಕ್ಕೆ 86 ಜಿಬಿ ದಾಟುತ್ತದೆ, 1 ಟಿಬಿ ಹಾರ್ಡ್ ಡಿಸ್ಕ್ 11 ದಿನಕ್ಕೆ ತುಂಬಿ ಹಳೆಯದರ ಮೇಲೆ ಹೊಸದು ಬರೆಯಲು ಶುರುಮಾಡುತ್ತದೆ. ಎರಡು ವಾರ ಊರಿಗೆ ಹೋಗಿ ಬಂದರೆ, ಹೊರಟ ದಿನವೇ ನಡೆದ ಕಳ್ಳತನ ಡಿಸ್ಕಿನಲ್ಲಿ ಇರುವುದಿಲ್ಲ. ಅದಕ್ಕೇ 2 ಟಿಬಿ ಹಾಕಿಸಿ ಅನ್ನುತ್ತೇನೆ. ಹಳೆ ಕಂಪ್ಯೂಟರಿನ ಡಿಸ್ಕ್ ಬೇಡ, ಹಗಲು ರಾತ್ರಿ ಬರೆಯುವ ಕೆಲಸಕ್ಕೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕ್ ಬೇಕು.

ಎಲ್ಲವನ್ನೂ ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ದೂರದ ಸರ್ವರ್‌ಗೆ, ಹಾಕಿಬಿಟ್ಟರೆ? ಅದೇ ನಾಲ್ಕು ಕ್ಯಾಮೆರಾ ತಿಂಗಳಿಗೆ ಸುಮಾರು 2,600 ಜಿಬಿ ಅಪ್‌ಲೋಡ್ ಮಾಡುತ್ತವೆ. ಅನ್‌ಲಿಮಿಟೆಡ್ ಅನ್ನುವ ಎಷ್ಟೋ ಬ್ರಾಡ್‌ಬ್ಯಾಂಡ್ ಪ್ಲಾನ್‌ಗಳಿಗೂ ತಿಂಗಳಿಗೆ 3,300 ಜಿಬಿ ಮಿತಿ ಇದೆ, ಮನೆಯವರ ಬಳಕೆಗೆ ಉಳಿಯುವುದೆಷ್ಟು? ನೆಟ್ ಹೋದಾಗ ರೆಕಾರ್ಡಿಂಗೂ ಇಲ್ಲ. ಹಾಗಂತ ಡಿವಿಆರ್ (ಆ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರ್ ಪೆಟ್ಟಿಗೆ) ಒಂದನ್ನೇ ನಂಬುವುದೂ ತಪ್ಪು. ಹಾಲ್‌ನಲ್ಲಿ ಟಿವಿ ಕೆಳಗೆ ಇಟ್ಟರೆ ಕಳ್ಳ ಹೋಗುವಾಗ ಅದನ್ನೂ ಕಿತ್ತುಕೊಂಡು ಹೋಗುತ್ತಾನೆ, ಸಾಕ್ಷಿ ಅವನ ಕೈಯಲ್ಲೇ!

ನಾನು ಮಾಡಿಸುವುದು ಹೀಗೆ: ಎಲ್ಲ ಕ್ಯಾಮೆರಾಗಳೂ ಡಿಸ್ಕಿಗೆ, ಗೇಟು ಮತ್ತು ಮುಂಬಾಗಿಲಿನ ಕ್ಯಾಮೆರಾದಲ್ಲಿ ಮನುಷ್ಯರು ಕಂಡಾಗಿನ ತುಣುಕು ಮಾತ್ರ ಕ್ಲೌಡಿಗೆ. ಡಿವಿಆರ್ ಸುಲಭಕ್ಕೆ ಕಣ್ಣಿಗೆ ಬೀಳದ, ಗಾಳಿಯಾಡುವ ಜಾಗದಲ್ಲಿರಲಿ. ಯುಪಿಎಸ್ ಡಿವಿಆರ್‌ಗೆ ಮಾತ್ರ ಕೊಟ್ಟು ರೌಟರ್ ಮರೆಯುವವರೇ ಜಾಸ್ತಿ. ಕರೆಂಟ್ ಹೋದ ತಕ್ಷಣ ಕ್ಲೌಡೂ ಹೋಯಿತು.

ಇದಕ್ಕಿಂತ ನನಗೆ ಬೇಜಾರಾಗುವ ಸಂಗತಿ ಇನ್ನೊಂದಿದೆ. ಒಂದು ಮನೆಯಲ್ಲಿ ಸ್ಕೂಟರ್ ಕಳುವಾಗಿತ್ತು. ಪ್ಲೇಬ್ಯಾಕ್ ತೆಗೆದರೆ ಎಷ್ಟೋ ತಿಂಗಳಿಂದ ಏನೂ ಇಲ್ಲ, ಡಿಸ್ಕ್ ಸತ್ತಿತ್ತು. "ಮೊಬೈಲಿನಲ್ಲಿ ದಿನಾ ಬರ್ತಿತ್ತಲ್ಲ ಸರ್" ಅಂದರು ಆ ಮನೆಯ ಅಮ್ಮ. ಲೈವ್ ನೋಡಲು ಡಿಸ್ಕ್ ಬೇಕಾಗಿಲ್ಲ, ಅದೇ ಸಮಸ್ಯೆ. ಡಿವಿಆರ್ ಪಾಪ ಕುಯ್ ಕುಯ್ ಅಂತ ಕೂಗಿದೆ, ಕಿರಿಕಿರಿ ಅಂತ ಯಾರೋ ಸೆಟ್ಟಿಂಗ್ಸಿಗೆ ಹೋಗಿ ಬಜರ್ ಆಫ್ ಮಾಡಿದ್ದಾರೆ. ದಯವಿಟ್ಟು ಆ ಸದ್ದು ಆರಿಸಬೇಡಿ. ವಾರಕ್ಕೊಮ್ಮೆ ಹಿಂದಿನ ರಾತ್ರಿ ಎರಡು ಗಂಟೆಯ ಪ್ಲೇಬ್ಯಾಕ್ ತೆಗೆದು ನೋಡಿ. ಮೂಲೆಯಲ್ಲಿರುವ ದಿನಾಂಕ, ಸಮಯ ಸರಿಯಿದೆಯಾ ಅಂತಲೂ ನೋಡಿ. ಒಳಗಿನ ಸಣ್ಣ ಬ್ಯಾಟರಿ ಹೋದರೆ ಗಡಿಯಾರ ಎಲ್ಲೆಲ್ಲಿಗೋ ಹಾರುತ್ತದೆ.

ಏನಾದರೂ ನಡೆದರೆ ಅವತ್ತೇ ಪೆನ್ ಡ್ರೈವ್‌ಗೆ ಕಾಪಿ ಮಾಡಿ, ಬೇಕಾದರೆ ಡಿವಿಆರ್ ಕಂಪನಿಯ ವೀಡಿಯೊ ಪ್ಲೇಯರ್ ಸಾಫ್ಟ್‌ವೇರ್ ಸಮೇತ. ವಾಟ್ಸಾಪಿನಲ್ಲಿ ವೀಡಿಯೊ ಆಗಿ ಕಳಿಸಿದರೆ ಕುಗ್ಗಿ ನಂಬರ್ ಪ್ಲೇಟ್ ಮಸುಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಕೊಡುವ ಕಾಪಿಯ ಜೊತೆ ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿದೆಯೇ ಅಂತ ಪತ್ತೆ ಮಾಡುವ ಕೋಡ್) ಇರುವ ಸರ್ಟಿಫಿಕೇಟ್ ಬೇಕು. ಹಾಗಾಗಿ ಪೊಲೀಸರು ಬಂದು ನೋಡುವ ತನಕ ಮೂಲ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ, ಹಳೆಯದು ಅಳಿಸಿಹೋಗುವ ಹಾಗಿದ್ದರೆ ಅದನ್ನು ತೆಗೆದಿಟ್ಟು ಬೇರೆ ಡಿಸ್ಕ್ ಹಾಕಿಸಿ.